ಮದುಮಗಳ ಕಿವಿಯ ಹಿಂದಿನ ಬಣ್ಣ

ವಿಜಯಪುರಕ್ಕೆ ಬಂದಿಳಿದ ಮೊದಲ ದಿನ ಹನ್ನೊಂದು ಜನ ನನ್ನ ಜೊತೆ ಫೋಟೊ ತೆಗೆಸಿಕೊಂಡರು. ಬಸ್ ನಿಲ್ದಾಣದಲ್ಲಿ ಚೀಲ ಕೆಳಗಿಟ್ಟು ಬೆನ್ನು ನೆಟ್ಟಗೆ ಮಾಡಿರಲಿಲ್ಲ, ಕಾಲೇಜು ಹುಡುಗರು ಬಂದು 'ಮೇಡಂ, ಸೆಲ್ಫಿ' ಎಂದು ಸುತ್ತುವರಿದರು. ಅವರ ಹಿಂದೆ ಮಗುವನ್ನು ಎತ್ತಿಕೊಂಡ ಹೆಂಗಸು, ಆಮೇಲೆ ಒಬ್ಬ ಕಂಡಕ್ಟರು. ನಾನು ಯಾವನೋ ವಿದೇಶಿ ಕ್ರಿಕೆಟ್ ಆಟಗಾರನ ತಂಗಿ ಎಂದು ಒಬ್ಬನ ವಾದ, ಗುಮ್ಮಟ ನೋಡಲು ಬಂದ ಪ್ರವಾಸಿ ಎಂದು ಇನ್ನೊಬ್ಬನದು. ನಾನು ತಡೆಯಲಾರದೆ, "ಗಾಂಧಿ ಚೌಕಕ್ಕ ಯಾವ ಬಸ್ ಹೋಗ್ತದ್ರಿ?" ಎಂದು ಕೇಳಿದೆ. ಕಂಡಕ್ಟರು ಮೊಬೈಲು ಕೆಳಗಿಳಿಸಿ, ತಾನು ತೆಗೆದ ಫೋಟೊ ಒಮ್ಮೆ, ನನ್ನನ್ನು ಒಮ್ಮೆ ನೋಡಿ, "ಅಯ್ಯ, ಇಕಿ ನಮ್ಮ ಕಡ್ಯಾಕಿನ ಅದಾಳಲೇ" ಎಂದ. ಅವನ ದನಿಯಲ್ಲಿ ಸಂತೋಷಕ್ಕಿಂತ ಮೋಸ ಹೋದವನ ಬೇಸರವೇ ಹೆಚ್ಚಾಗಿತ್ತು.

ನಾನು ಲೂಸಿ, ಹಳಿಯಾಳ ಕಡೆಯ ಸಿದ್ದಿ. ಓದುವ ನೀವೂ ಅಲ್ಲಿಯವರೇ ಆದ್ದರಿಂದ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೇರೆಯವರ ಕೈಗೆ ಈ ಹಾಳೆ ಸಿಕ್ಕರೆ ಅವರಿಗಾಗಿ ಒಂದು ಮಾತು: ನಮ್ಮ ಹಿರಿಯರನ್ನು ಯಾವ ಕಾಲದಲ್ಲೋ ಆಫ್ರಿಕಾದಿಂದ ಹಡಗಿನಲ್ಲಿ ತಂದರಂತೆ. ಅವರು ಬಿಟ್ಟು ಬಂದ ಊರು ಯಾವುದೆಂದು ನಮಗೆ ಯಾರಿಗೂ ಗೊತ್ತಿಲ್ಲ. ಮೈಬಣ್ಣ, ಗುಂಗುರು ಕೂದಲು, ಡಮಾಮ್ ಎಂಬ ನಮ್ಮ ಡೋಲಿನ ಪೆಟ್ಟು, ಇಷ್ಟು ಮಾತ್ರ ಉಳಿದಿವೆ. ನಾನು ಹುಟ್ಟಿದ್ದು, ಅತ್ತಿದ್ದು, ಬೈದಾಡಿದ್ದು ಎಲ್ಲ ಈ ರಾಜ್ಯದಲ್ಲೇ.

ಬ್ಯೂಟಿ ಪಾರ್ಲರಿನ ಕೆಲಸ ಕಲಿತು ಇಲ್ಲಿಗೆ ಬಂದು ನಾಲ್ಕು ವರ್ಷವಾಯಿತು. ಮನೆ ಹುಡುಕುವುದೇ ಮೊದಲ ಪರೀಕ್ಷೆಯಾಯಿತು. ಒಬ್ಬ ಮಾಲಕರಿಗೆ ಆಧಾರ್ ಕಾರ್ಡ್ ಕೊಟ್ಟರೆ ಅದನ್ನು ಹಿಂದೆ ಮುಂದೆ ತಿರುಗಿಸಿ, "ಇದಿರ್ಲಿ, ಪಾಸ್‌ಪೋರ್ಟ್ ತೋರಸವ್ವಾ" ಎಂದರು. ಕಡೆಗೆ ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ ಮುಮ್ತಾಜ್ ಆಪಾ ತಮ್ಮ ಮಾಳಿಗೆ ಮೇಲಿನ ಕೋಣೆ ಕೊಟ್ಟರು. ಅವರ ಮನೆತನ ತಲೆತಲಾಂತರದಿಂದ ಇದೇ ಊರಿನಲ್ಲಿ ಬಳೆ ಮಾರಿಕೊಂಡು ಬಂದದ್ದು. ಅವರು ಕೇಳಿದ್ದು ಒಂದೇ ಪ್ರಶ್ನೆ, "ರೊಟ್ಟಿ ಬಡ್ಯಾಕ ಬರ್ತದೇನ?" ಬರುವುದಿಲ್ಲ ಎಂದೆ. "ಹಂಗಾದ್ರ ಕಲೀಬೇಕಾಗ್ತದ ನೋಡು" ಎಂದು ಕೀಲಿಕೈ ಕೊಟ್ಟರು.

ನಮ್ಮಲ್ಲಿ ಅನ್ನ, ಇಲ್ಲಿ ಮೂರು ಹೊತ್ತೂ ಜೋಳ. ನಮ್ಮಲ್ಲಿ ಮನೆಯಿಂದ ಹೊರಬಿದ್ದರೆ ಮರದ ನೆರಳು. ಇಲ್ಲಿ ನೆರಳು ಬೇಕಾದರೆ ಯಾವುದಾದರೂ ಹಳೆಯ ಗೋಡೆ ಹುಡುಕಬೇಕು. ನಲ್ಲಿ ನೀರು ಬರುವ ದಿನ ಓಣಿಗೆ ಓಣಿಯೇ ಕೊಡ ಹಿಡಿದು ನಿಂತಿರುತ್ತದೆ. ಒಮ್ಮೆ ಆಪಾ ನನ್ನನ್ನು ಭೂತನಾಳ ಕೆರೆಗೆ ಕರೆದುಕೊಂಡು ಹೋಗಿ, ಊರಿಗೆ ನೀರು ಕೊಟ್ಟ ತಾಯಿ ಇದು ಎಂದು ತೋರಿಸಿದರು. ಅಷ್ಟು ನೀರನ್ನು ಒಂದೇ ಕಡೆ ಕಂಡು ನನಗೆ ಊರು ನೆನಪಾಗಿ ದುಃಖ ಬಂತು. ಆರು ತಿಂಗಳಾದ ಮೇಲೆ ನನ್ನ ರೊಟ್ಟಿ ಹರಿಯದೆ ಹಂಚಿನ ಮೇಲೆ ಉಬ್ಬಿತು. ಆ ದಿನ ಆಪಾ ತಮ್ಮ ತಂಗಿಗೆ ಫೋನು ಮಾಡಿ ಆ ಸುದ್ದಿ ಹೇಳಿದರು.

ಇಲ್ಲಿಯ ಕನ್ನಡಕ್ಕೂ ನಮ್ಮ ಹಳಿಯಾಳದ ಕನ್ನಡಕ್ಕೂ ಬಹಳ ದೂರವಿಲ್ಲ. ಆದರೂ 'ಬೇ' ಎಂಬ ಒಂದು ಕರೆ ನನ್ನನ್ನು ಕಾಡಿತು. ತಾಯಿಗೂ 'ಬೇ', ಗೆಳತಿಗೂ 'ಬೇ', ತರಕಾರಿ ಮಾರುವವಳಿಗೂ 'ಬೇ'. ತನ್ನವಳು ಎಂದು ಒಳಗೆ ಸೇರಿಸಿಕೊಂಡ ಹೆಂಗಸಿಗೆ ಮಾತ್ರ ಆ ಸಲುಗೆ. ಆಪಾ ಎರಡನೆಯ ವಾರವೇ ನನ್ನನ್ನು ಹಾಗೆ ಕರೆದರು. ಅವರ ಹೊಸ್ತಿಲು ದಾಟಿದರೆ ನಾನು ಎಲ್ಲರಿಗೂ 'ಮೇಡಂ' ಅಥವಾ 'ಆ ಕರ್ಯಾಕಿ'.

ನನ್ನ ಕೆಲಸ ಶೈಲಾ ಮೇಡಂ ಅವರ ಪಾರ್ಲರಿನಲ್ಲಿ. ಅವರು ಈ ಭಾಗದಲ್ಲಿ ಸಣ್ಣ ಸಿನಿಮಾ ತಾರೆ ಇದ್ದ ಹಾಗೆ. ಗಂಡ ಬಿಟ್ಟು ಹೋದಾಗ ಪಡಸಾಲೆಯಲ್ಲಿ ಕನ್ನಡಿ ಇಟ್ಟುಕೊಂಡು ಹುಬ್ಬು ತೀಡುವುದರಿಂದ ಶುರು ಮಾಡಿದ ಹೆಂಗಸು, ಈಗ ಅವರು ಮೊಬೈಲಿನಲ್ಲಿ ಹಾಕುವ ಮದುಮಗಳ ವಿಡಿಯೊಗಳಿಗೆ ಸೊಲ್ಲಾಪುರ, ಸಾಂಗಲಿಯಿಂದಲೂ ಜನ ಕಾಯುತ್ತಾರೆ. ವಿಡಿಯೊದ ಮೊದಲಿಗೆ ಮದುಮಗಳ ಬರಿ ಮುಖ, ಕೊನೆಗೆ ಅಲಂಕಾರವಾದ ಮುಖ, ಪಕ್ಕದಲ್ಲಿ ನಗುವ ಶೈಲಾ ಮೇಡಂ. ನಡುವೆ ಕೆಲಸ ಮಾಡುವ ಕೈ ನನ್ನದು. ಆ ಕೈಗೆ ಆಸ್ಪತ್ರೆಯಲ್ಲಿ ಹಾಕುವಂಥ ಬಿಳಿ ಗ್ಲೌಸ್ ಹಾಕಿಸಿದ್ದರು. "ನಿನ್ನ ಕೈ ಕಂಡ್ರ ಮಂದಿ ಕೈ ನೋಡ್ತಾರ, ಮದುಮಗಳ್ನ ನೋಡಂಗಿಲ್ಲ. ಸಿಟ್ಟಾಗಬ್ಯಾಡ ಲೂಸಿ, ಇದು ಧಂದೆ" ಎಂದಿದ್ದರು. ಸಿಟ್ಟು ಬಂತು. ಆದರೆ ಅವರು ಅದನ್ನು ಮೊದಲೇ ಬೇಡ ಎಂದುಬಿಟ್ಟಿದ್ದರಲ್ಲ, ಒಳಗೇ ಇಟ್ಟುಕೊಂಡೆ.

ಮದುಮಗಳ ಮನೆಯವರು ನಾಯಕಿಯರ ಫೋಟೊ ತರುತ್ತಾರೆ. ಯಾವ ನಾಯಕಿಯಾದರೂ ಬೇಡಿಕೆ ಒಂದೇ, ಬೆಳ್ಳಗೆ ಕಾಣಬೇಕು. ಹುಡುಗಿಯ ಬಣ್ಣಕ್ಕಿಂತ ಎರಡು ನಂಬರು ಮೇಲಿನ, ಅಂದರೆ ಇನ್ನೂ ಬೆಳ್ಳಗಿನ, ಕ್ರೀಮು ಹಚ್ಚುವುದು ನಮ್ಮಲ್ಲಿ ರೂಢಿ. ಮುಖಕ್ಕೆ ಹಚ್ಚಿದರೆ ಸಾಲದು. ಕುತ್ತಿಗೆಗೆ, ಬೆನ್ನಿಗೆ, ಮೊಣಕೈವರೆಗೆ ಹಚ್ಚಬೇಕು. ಹೊಸಬರು ಮರೆಯುವುದು ಕಿವಿಯ ಹಿಂದೆ. ಅದಕ್ಕೇ ಶೈಲಾ ಮೇಡಂ ಕೊನೆಗೆ ಬಂದು ಹುಡುಗಿಯ ಕಿವಿ ಮಡಚಿ ನೋಡುತ್ತಾರೆ. ಇಡೀ ದಿನ ಹೆಣ್ಣುಮಕ್ಕಳ ಬಣ್ಣ ಮುಚ್ಚುತ್ತಾ ನಿಂತವಳು ಈ ಊರಿನ ಅತಿ ಕಪ್ಪು ಹೆಂಗಸು. ಇದರಲ್ಲಿ ನಗುವಂಥದ್ದು ಇದೆ ಎಂದು ನನಗೂ ಗೊತ್ತು, ಎಷ್ಟೋ ಸಲ ನಕ್ಕಿದ್ದೇನೆ ಕೂಡ.

ಒಂದು ಬೇಸಿಗೆಯಲ್ಲಿ ತಿಕೋಟಾದ ಮದುವೆಯಲ್ಲಿ ಸೆಖೆಗೆ ಕೈ ಬೆವತು ಗ್ಲೌಸ್ ಹರಿಯಿತು. ಬೇರೆ ಇರಲಿಲ್ಲ. ಬರಿಗೈಯಲ್ಲೇ ಕೆಲಸ ಮುಗಿಸಿದೆ, ವಿಡಿಯೊ ಹಾಗೇ ಹೋಯಿತು. ಮಾರನೆಯ ದಿನ ಶೈಲಾ ಮೇಡಂ ಮೊಬೈಲು ಹಿಡಿದು ಓಡಿ ಬಂದರು. ಹಿಂದೆಂದೂ ಇಲ್ಲದಷ್ಟು ಜನ ಅದನ್ನು ನೋಡಿದ್ದರು. ಕೆಳಗೆ ಬರೆದವರಲ್ಲಿ ಅರ್ಧ ಜನ ಹೇಳಲಾಗದ ಮಾತು ಬರೆದಿದ್ದರು, ಉಳಿದರ್ಧ ಜನ 'ಫಾರಿನ್ ಆರ್ಟಿಸ್ಟ್ ತರಿಸಿದ್ದಾರೆ' ಎಂದು ಬೆರಗಾಗಿದ್ದರು. ಶೈಲಾ ಮೇಡಂ ಕಣ್ಣಿಗೆ ಬಿದ್ದದ್ದು ಆ ಉಳಿದರ್ಧ.

"ಇನ್ನ ಮ್ಯಾಲ ಗ್ಲೌಸ್ ಬ್ಯಾಡ. ನಿನ್ನ ಮುಖಾನೂ ತೋರಸೂಣು. ಆಫ್ರಿಕಾದಿಂದ ಬಂದಾರ ಮಿಸ್ ಲೂಸಿ ಅಂತ ಹಾಕೂಣು. ಹೆಸರಂತೂ ಮೊದಲ ಫಾರಿನ್ ಅದ" ಎಂದರು. ಆಮೇಲೆ ದನಿ ತಗ್ಗಿಸಿ, "ಆದ್ರ ಮದವಿ ಮನ್ಯಾಗ ಕನ್ನಡ ಮಾತಾಡಬಾರದು ನೋಡು" ಎಂದರು.

ಇದು ನನಗೆ ಎರಡನೆಯ ಸಲ. ಹದಿನೆಂಟು ವರ್ಷದವಳಿದ್ದಾಗ ನಮ್ಮ ಊರಿನ ಹನ್ನೆರಡು ಹುಡುಗಿಯರನ್ನು ಟಿವಿಯ ಒಂದು ಕುಣಿತದ ಸ್ಪರ್ಧೆಗೆ ಬೆಂಗಳೂರಿಗೆ ಕರೆದೊಯ್ದಿದ್ದು ನಿಮಗೆ ನೆನಪಿರಬಹುದು. ಡಮಾಮ್ ನುಡಿಸಿ, ಸೀರೆ ಉಟ್ಟು ಕುಣಿಯುತ್ತೇವೆಂದು ಹೋದೆವು. ಅಲ್ಲಿ ಎಲೆಯ ಲಂಗ ಉಡಿಸಿದರು. ನಮ್ಮಜ್ಜಿ ಅದನ್ನು ನೋಡಿದ್ದರೆ ಮೇಯಲು ಆಡಿಗೆ ಹಾಕುತ್ತಿದ್ದಳು. ನಿರೂಪಕಿ ಮೈಕು ಹಿಡಿದಾಗ ನಮ್ಮ ಫಿಲೋಮಿನಾ "ನಮಸ್ಕಾರ್ರೀ" ಎಂದಳು. ನಿಲ್ಲಿಸಿ, ಮತ್ತೆ ತೆಗೆಯೋಣ, ಯಾರಿಗೂ ತಿಳಿಯದ ಭಾಷೆಯಲ್ಲಿ ಏನಾದರೂ ಹೇಳಿ ಎಂದರು. ಫಿಲೋಮಿನಾ ಕೈ ಮೇಲೆತ್ತಿ ನಮ್ಮ ಕೊಟ್ಟಿಗೆಯ ಎಮ್ಮೆಗಳ ಹೆಸರನ್ನೆಲ್ಲ ಒಂದೊಂದಾಗಿ ಕೂಗಿದಳು. ಎದುರು ಕೂತ ತೀರ್ಪುಗಾರರು ಕಣ್ಣೊರೆಸಿಕೊಂಡರು. ಊರಿಗೆ ಬರುವವರೆಗೂ ಬಸ್ಸಿನಲ್ಲಿ ನಕ್ಕೆವು. ಊರು ಬಂದಾಗ ಇಳಿಯುವ ಮೊದಲು ಫಿಲೋಮಿನಾ ಅತ್ತಳು.

ಅಷ್ಟು ತಿಳಿದೂ ಶೈಲಾ ಮೇಡಂ ಮಾತಿಗೆ ಹೂಂ ಎಂದೆ. ಯಾರೂ ನನ್ನ ಕುತ್ತಿಗೆ ಹಿಡಿದಿರಲಿಲ್ಲ. ಮೂರು ವರ್ಷ ವಿಡಿಯೊದಲ್ಲಿ ಕೈ ಮಾತ್ರ ಆಗಿದ್ದವಳಿಗೆ ಮುಖ ಬೇಕೆನಿಸಿತ್ತು. ಬಾಯಿ ಕೊಟ್ಟು ಮುಖ ಪಡೆದೆ.

ಅಂದಿನಿಂದ ಮದುವೆ ಮನೆಗಳಲ್ಲಿ ನಾನು ಗೋಡೆಯಾದೆ. ನನ್ನೆದುರೇ ನನ್ನ ತುಟಿಯ ಬಗ್ಗೆ, ಕೂದಲಿನ ಬಗ್ಗೆ ಮಾತಾಡುತ್ತಿದ್ದರು. ಗೋಡೆ ಏನು ಉತ್ತರ ಕೊಡುತ್ತದೆ? ಬೇಸರ ಹೇಳಿಕೊಂಡಾಗ ಮುಮ್ತಾಜ್ ಆಪಾ, "ಇದs ಊರಾಗ ಹಬಶಿಗೋಳು ವಜೀರರಾಗಿದ್ರಂತ ಬೇ. ದರಬಾರದಾಗ ಅವರು ಬಾಯಿ ಬಿಟ್ರ ಎಲ್ಲಾರೂ ಸುಮ್ಮಕಾಗತಿದ್ರಂತ" ಎಂದರು. ಹಬಶಿ ಎಂದರೆ ನಮ್ಮ ಹಿರಿಯರಂಥ ಆಫ್ರಿಕಾದವರು. ಆ ಮಾತು ಕೇಳಿ ಸಮಾಧಾನವಾಗುವ ಬದಲು ಇನ್ನಷ್ಟು ನಾಚಿಕೆಯಾಯಿತು.

ಹೋದ ವರ್ಷ ಹೊನವಾಡದಲ್ಲಿ ಒಂದು ಮದುವೆ. ಹುಡುಗಿಯ ಹೆಸರು ಭಾಗೀರಥಿ, ಮನೆಯಲ್ಲಿ ಭಾಗಿ. ಅಪ್ಪನ ದ್ರಾಕ್ಷಿ ತೋಟದಲ್ಲಿ ಬೆಳೆದವಳು, ಬಿಸಿಲಲ್ಲಿ ಗೊಂಚಲು ಕತ್ತರಿಸಿ ಗಟ್ಟಿಯಾದ ಬೆರಳು, ಕಪ್ಪು ಬಣ್ಣ, ದೊಡ್ಡ ಕಣ್ಣು. ಬಬಲೇಶ್ವರದ ಕಡೆಯ ವರ. ಬೆಳಗ್ಗೆ ಮಾಳಿಗೆಯ ಕೋಣೆಯಲ್ಲಿ ಅವಳನ್ನು ನನ್ನೆದುರು ಕೂರಿಸಿ ಶೈಲಾ ಮೇಡಂ ಹಂದರದ ವಿಡಿಯೊ ತೆಗೆಯಲು ಕೆಳಗೆ ಹೋದರು. ಕೋಣೆಯಲ್ಲಿ ನಾವಿಬ್ಬರೇ. ನಾನು ಅವಳ ಮುಖಕ್ಕೆ ಮೊದಲ ಕ್ರೀಮು ತೆಗೆದುಕೊಂಡೆ. ಅವಳು ಕನ್ನಡಿಯಲ್ಲಿ ನನ್ನನ್ನು ನೋಡುತ್ತಾ ಮಾತಾಡತೊಡಗಿದಳು.

"ನಿನಗ ತಿಳ್ಯಂಗಿಲ್ಲಂತನs ಹೇಳಾಕತ್ತೇನಿ" ಎಂದಳು. "ಗಂಡಿನವರಿಗಿ ಕಳಿಸಿದ ಫೋಟೊ ನಂದಲ್ಲ. ಅಂದ್ರ ನಂದs, ಮೊಬೈಲದಾಗ ಬೆಳ್ಳಗ ಮಾಡಿ ಕಳಿಸ್ಯಾರ. ನೋಡಾಕ ಬಂದಾಗೂ ಹಿಂಗ ಬಳದು ಕುಂಡ್ರಿಸಿದ್ರು. ನಾಳಿ ಮುಖಾ ತೊಳಕೊಂಡ್ರ ಏನಂತಾನೋ ಅಂವ." ಆಮೇಲೆ, "ಇದ್ದಂಗ ಹೋಗಿ ಕುಂಡ್ರು ಅಂತ ಯಾರರೆ ಒಬ್ಬರು ಅಂದಿದ್ರ ಸಾಕಿತ್ತು. ಮುಖಾ ತೊಳಕೊಂಡು ಹೋಗಿ ಕುಂಡ್ರತಿದ್ದೆ. ಅವ್ವ ಅನ್ನಂಗಿಲ್ಲ, ಅಪ್ಪ ಅನ್ನಂಗಿಲ್ಲ. ನೀ ಅಂದೀಯಂದ್ರ ನಿನಗ ಭಾಷಾ ಇಲ್ಲ" ಎಂದು ನಕ್ಕಳು. ನಗುವಾಗ ಕಣ್ಣಲ್ಲಿ ನೀರು ಬಂತು, ನಾನು ಹತ್ತಿಯಿಂದ ಒತ್ತಿ ತೆಗೆದೆ.

'ಇದ್ದಂಗ ಹೋಗಿ ಕುಂಡ್ರು.' ಮೂರೇ ಮಾತು, ನನ್ನ ನಾಲಿಗೆಯ ತುದಿಯಲ್ಲಿ ಇತ್ತು. ಕೋಣೆಯಲ್ಲಿ ಕ್ಯಾಮೆರಾ ಇರಲಿಲ್ಲ, ಮೇಡಂ ಇರಲಿಲ್ಲ. ಇಷ್ಟು ದಿನ ಬಣ್ಣದ ವಿಷಯದಲ್ಲಿ ನನಗಿಂತ ಹೆಚ್ಚು ತಿಳಿದವರು ಯಾರು ಎಂದುಕೊಂಡಿದ್ದವಳು ನಾನು. ಆದರೆ ಮಾತಾಡಿದರೆ ಅಕ್ಷತೆಯ ಅಕ್ಕಿಕಾಳು ಬೀಳುವ ಮೊದಲೇ ಇಡೀ ಹೊನವಾಡಕ್ಕೆ ಸುದ್ದಿ, ಮೇಡಂ ಹೆಸರು ಮಣ್ಣುಪಾಲು, ನನ್ನ ಕೆಲಸ ಹೋದಂತೆ. ಇನ್ನೊಂದು ನೆಪವನ್ನೂ ಹುಡುಕಿಕೊಂಡೆ: ಪಾಪ, ನನಗೆ ಎಲ್ಲ ತಿಳಿಯಿತೆಂದು ಗೊತ್ತಾದರೆ ಈ ಹುಡುಗಿ ನಾಚಿಕೊಳ್ಳುತ್ತಾಳೆ. ಹೀಗೆ ಯೋಚಿಸುತ್ತಾ ಯೋಚಿಸುತ್ತಾ ಎರಡು ನಂಬರು ಮೇಲಿನ ಬಣ್ಣವನ್ನು ಅವಳ ಹಣೆಯಿಂದ ಕುತ್ತಿಗೆಯವರೆಗೆ ತಿದ್ದಿ ಮುಗಿಸಿದೆ.

ಕಿವಿಯ ಹಿಂದೆ ಮಾತ್ರ ಹಚ್ಚಲಿಲ್ಲ. ಬೇಕೆಂದೇ ಬಿಟ್ಟೆ. ಅಲ್ಲಿ ಅವಳ ಸ್ವಂತ ಬಣ್ಣ ಬೆರಳಗಲ ಉಳಿಯಲಿ ಎನಿಸಿತು. ಬಾಯಲ್ಲಿ ಹೇಳಲಾಗದ್ದನ್ನು ಅಲ್ಲಿ ಹೇಳಿದ್ದೇನೆ ಎಂದುಕೊಂಡೆ. ಮೇಡಂ ಆ ದಿನ ಗಡಿಬಿಡಿಯಲ್ಲಿ ಕಿವಿ ಮಡಚಿ ನೋಡಲಿಲ್ಲ.

ಅಷ್ಟರಲ್ಲಿ ಭಾಗಿಯ ಆಯಿ, ಅಂದರೆ ಅಜ್ಜಿ, ನಾಲ್ಕಾರು ಹೆಂಗಸರ ಜೊತೆ ಮೆಟ್ಟಿಲು ಹತ್ತಿ ಬಂದರು. ಮೊಮ್ಮಗಳನ್ನು ನೋಡಿ ಲಟಿಕೆ ಮುರಿದು, ದೃಷ್ಟಿ ಬೊಟ್ಟು ಇಡಲು ಕಾಡಿಗೆ ಕೇಳಿದರು. ಕಾಡಿಗೆ ಹುಡುಕುವ ಹೊತ್ತಿಗೆ ಅವರ ಕಣ್ಣು ನನ್ನ ಮೇಲೆ ಬಿತ್ತು. "ಕಾಡಗಿ ಯಾಕ್ ಬೇಕು? ಇಕಿನ್ನ ಹಂದರದಾಗ ಬಾಜೂಕ ನಿಂದ್ರಸ್ರಿ. ಮಂದಿ ಕಣ್ಣೆಲ್ಲಾ ಇಕಿ ಮ್ಯಾಲ ಬೀಳ್ತಾವ, ನಮ್ಮ ಕೂಸಿಗಿ ದೃಷ್ಟಿ ತಾಕಂಗಿಲ್ಲ" ಎಂದರು. ಮೇಲೆ ಬಂದಿದ್ದ ಶೈಲಾ ಮೇಡಂ ಸೇರಿ ಎಲ್ಲರೂ ನಕ್ಕರು. ಆಯಿ ನನ್ನ ಗದ್ದ ಸವರಿ, "ಯಾ ದೇಶದಾಕಿನೋ ಏನೋ, ಉಂಡಾಳಿಲ್ಲೋ ಕೇಳ್ರಿ" ಎಂದು ತಾವೇ ಹೋಗಿ ಒಂದು ತಟ್ಟೆ ಉಪ್ಪಿಟ್ಟು ತಂದುಕೊಟ್ಟರು. ಅವರನ್ನು ದ್ವೇಷಿಸಲು ಎಷ್ಟು ಪ್ರಯತ್ನಪಟ್ಟರೂ ನನ್ನಿಂದಾಗಲಿಲ್ಲ.

ಹೀಗಾಗಿ ಭಾಗಿಗೆ ಅಕ್ಕಿಕಾಳು ಬೀಳುವಾಗ ನಾನು ಹಂದರದಲ್ಲಿ ಅವಳ ಎಡಕ್ಕೆ ನಿಂತಿದ್ದೆ. ಆ ವಿಡಿಯೊ ನೀವೂ ನೋಡಿರುತ್ತೀರಿ. ಊರಿನಿಂದ ಎಷ್ಟೋ ಜನ ಹೆಮ್ಮೆಯಿಂದ ನನಗೆ ಕಳಿಸಿದಿರಿ. ನಾನು ಅದರಲ್ಲಿ ನಗುತ್ತಿದ್ದೇನೆ. ನಾನು ಅಲ್ಲಿ ನಿಂತದ್ದು ದೃಷ್ಟಿ ಬೊಟ್ಟಾಗಿ ಎಂಬುದು ವಿಡಿಯೊದಲ್ಲಿ ಕಾಣುವುದಿಲ್ಲ. ಮುಹೂರ್ತ ಮುಗಿದ ಕೂಡಲೇ ಮೇಡಂ ಜೊತೆ ವಿಜಯಪುರದ ದಾರಿ ಹಿಡಿದೆವು.

ಈ ವರ್ಷ ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ ಭಾಗಿ ಪಾರ್ಲರಿಗೆ ಬಂದಳು. ಒಬ್ಬಳೇ, ಬಬಲೇಶ್ವರದ ಬಸ್ಸಿನಲ್ಲಿ. ಬೇರೆ ಹುಡುಗಿಯರಿದ್ದರೂ ನನ್ನ ಕುರ್ಚಿಗೇ ಬಂದು ಕೂತು, ಮುಖ ತೋರಿಸಿ "ಬ್ಲೀಚ್" ಎಂದು ಕೈಸನ್ನೆ ಮಾಡಿದಳು. ಆಮೇಲೆ ಕಿವಿ ಮಡಚಿ, ಅದರ ಹಿಂದೆ ಬೆರಳಿಟ್ಟು, ಇಲ್ಲೂ ಎಂದು ತೋರಿಸಿದಳು. ಗೋಡೆಗೆ ಹೇಳುವ ಹಾಗೆ ಮೆಲ್ಲಗೆ ಅಂದಳು, "ಅವತ್ತ ಇದೊಂದು ಮರತಿ ನೀ. ನೀವು ಹೋದ ಮ್ಯಾಲ ಅತ್ತಿ ಬಾಸಿಂಗದ ದಾರಾ ಬಿಗಿ ಮಾಡಾಕ ಬಂದಾಕಿ ಕಿವಿ ಹಿಂದ ನೋಡಿದ್ಲು. ಎಲ್ಲಾ ಬೀಗರ ಮುಂದ ಬೆರಳಿಲೆ ತಿಕ್ಕಿ ತೋರಿಸಿದ್ಲು, ಇಲ್ಲಿ ನೋಡ್ರಿ ಖರೇ ಬಣ್ಣ ಅಂತ. ಈಗೂ ಹದಿನೈದ ದಿನಕ್ಕೊಮ್ಮಿ ಕಿವಿ ಹಿಂದ ನೋಡ್ತಾಳ."

ನನ್ನ ಕೈಯಲ್ಲಿದ್ದ ಬಟ್ಟಲು ಮೇಜಿನ ಮೇಲಿಟ್ಟೆ. "ಮರತಿರಲಿಲ್ಲ" ಎಂದೆ.

ಅವಳು ಕನ್ನಡಿಯಲ್ಲಿ ನನ್ನನ್ನು ನೋಡಿದಳು. ಬೆಚ್ಚಲಿಲ್ಲ, ಕೂಗಲಿಲ್ಲ. "ಅಂದ್ರ ಅವತ್ತ ನಾ ಅಂದದ್ದೆಲ್ಲಾ ತಿಳದಿತ್ತು."

"ತಿಳದಿತ್ತು. ನಾ ಹಳಿಯಾಳದಾಕಿ."

"ಹಂಗಾದ್ರ ಬಾಯಿಲೆ ಹೇಳಬೇಕಾಗಿತ್ತಲ್ಲ ಬೇ" ಎಂದಳು. "ಕಿವಿ ಹಿಂದ ಯಾಕ ಹೇಳಿದಿ?"

ಈ ಊರಿನಲ್ಲಿ ಆಪಾ ಬಿಟ್ಟರೆ ನನ್ನನ್ನು 'ಬೇ' ಎಂದವಳು ಅವಳೊಬ್ಬಳೇ. ಎಷ್ಟು ದಿನ ಕಾದಿದ್ದೆ ಆ ಕರೆಗೆ. ಅದು ಬಂದದ್ದು ಇಂಥ ಪ್ರಶ್ನೆಯ ಜೊತೆ. ತಡವಾದರೂ ಆ ಮೂರು ಮಾತು ಹೇಳಿದೆ, "ಇದ್ದಂಗ ಹೋಗಿ ಕುಂಡ್ರು ಭಾಗಿ. ಇವತ್ತ ಹಚ್ಚೂದು ಬ್ಯಾಡ." ಅವಳು ತಲೆಯಾಡಿಸಿ ಕಣ್ಣು ಮುಚ್ಚಿಕೊಂಡಳು. "ಈಗ ಅವರಿಗೆಲ್ಲಾ ಈ ಬೆಳ್ಳನ್ನ ಮುಖಾನ ರೂಢಿ ಆಗ್ಯದ. ಹಚ್ಚು, ಬಸ್ಸಿಗಿ ತಡಾ ಆಗ್ತದ." ಹಚ್ಚಿದೆ. ಕಿವಿಯ ಹಿಂದೆಯೂ ಹಚ್ಚಿದೆ. ಉರಿ ಅನಿಸಿದಾಗ ಅವಳು ನನ್ನ ಮಣಿಕಟ್ಟು ಹಿಡಿದುಕೊಂಡಳು, ತೊಳೆಯುವವರೆಗೂ ಬಿಡಲಿಲ್ಲ.

ಅಂದೇ ಸಂಜೆ ಶೈಲಾ ಮೇಡಂಗೆ ಹೇಳಿದೆ, ಇನ್ನು ನಾನು ಮದುವೆ ಮನೆಯಲ್ಲಿ ಕನ್ನಡ ಮಾತಾಡುವವಳೇ ಎಂದು. ಅವರು ಬಯ್ಯಲಿಲ್ಲ. "ಹಂಗಾದ್ರ ಮತ್ತ ಗ್ಲೌಸ್ ಹಾಕ್ಕೋ" ಎಂದರು. ಈಗ ಹುಡುಗಿಯರು ನನ್ನೆದುರು ಕೂತಾಗ ನಾನೇ ಮೊದಲು ಮಾತಾಡುತ್ತೇನೆ, ನನಗೆ ಕನ್ನಡ ಬರುತ್ತದೆ ಎಂದು ಹೇಳಿಬಿಡುತ್ತೇನೆ. ಎಷ್ಟು ನಂಬರು ಎಂದು ಅವರನ್ನೇ ಕೇಳುತ್ತೇನೆ. ಇದುವರೆಗೆ ಒಬ್ಬಳೇ ಒಬ್ಬಳು ತನ್ನ ನಂಬರು ಸಾಕು ಎಂದಿದ್ದಾಳೆ. ಅವಳ ವಿಡಿಯೊ ಮೇಡಂ ಹಾಕಲಿಲ್ಲ.

ಇತ್ತೀಚೆಗೆ ತಂಗಿಯ ಮಗುವಿನ ನಾಮಕರಣಕ್ಕೆ ಊರಿಗೆ ಬಂದಿದ್ದೆ. ನಿಮ್ಮಲ್ಲಿ ಹಲವರು ಅಲ್ಲಿದ್ದಿರಿ. ಅನ್ನ ಉಂಡೆ, ಆದರೆ ಎರಡನೆಯ ದಿನಕ್ಕೇ ಬಾಯಿ ರೊಟ್ಟಿ ಬೇಡತೊಡಗಿತು. ನನ್ನ ಮಾತು ಕೇಳಿ ಮಕ್ಕಳು "ಬಿಜಾಪುರದಾಕಿ ಬಂದ್ಲು" ಎಂದು ಅಣಕಿಸಿದವು. ಬಿಜಾಪುರದಲ್ಲಿ ಬಿಜಾಪುರದವಳಲ್ಲದವಳು ನಮ್ಮೂರಲ್ಲಿ ಬಿಜಾಪುರದವಳಾದೆ ಎಂದು ನಗಬೇಕೆನಿಸಿದರೂ ನಗು ಬರಲಿಲ್ಲ. ಡಮಾಮ್ ಶುರುವಾಗುವ ಮುಂಚೆ ಮಾವ್ಶಿ, ನನ್ನ ತಾಯಿಯ ತಂಗಿ, ನನ್ನ ಎರಡೂ ಕೈ ಹಿಡಿದು ಬೆಳಕಿಗೆ ತಿರುಗಿಸಿದಳು. ದಿನವಿಡೀ ಗ್ಲೌಸಿನೊಳಗೆ ಬೆವತು, ಪೌಡರು ಮೆತ್ತಿ, ಬಣ್ಣ ಕಳೆದುಕೊಂಡ ಕೈ. ಮಾವ್ಶಿ ಅವನ್ನು ಪಕ್ಕದವರಿಗೆಲ್ಲ ಎತ್ತಿ ತೋರಿಸಿ, ನಮ್ಮ ಲೂಸಿಯ ಕೈ ನೋಡಿ, ಎಷ್ಟು ಬೆಳ್ಳಗಾಗಿವೆ ಎಂದು ಹಿಗ್ಗಿದಳು. ಎಲ್ಲರೂ ಮುಟ್ಟಿ ನೋಡಿದರು. ಅಲ್ಲಿಯೂ ನಾನು ಸುಮ್ಮನಿದ್ದೆ.

ಮಾವ್ಶಿಗೆ ಓದಲು ಬರುವುದಿಲ್ಲ. ಅವಳ ಮನೆಯ ಹತ್ತಿರ ಇರುವವರು ಯಾರಾದರೂ ಇದನ್ನು ಅವಳಿಗೆ ಓದಿ ಹೇಳಿ. ಅವತ್ತು ಬಾಯಿಲೆ ಹೇಳಬೇಕಾಗಿದ್ದ ಮಾತು ಇದು: ಆ ಕೈ ಬಿಸಿಲು ಕಾಣದೆ ಸೊರಗಿವೆ ಮಾವ್ಶಿ. ಅದಕ್ಕೆ ಹಿಗ್ಗಬೇಡ.